ಔಷಧದ ಜೊತೆಗೆ ಔಷಧ ಬಲ್ಲವರೂ ಬೇಕು

ಆಸ್ಟ್ರೇಲಿಯಾದ ದೂರದ ಆದಿವಾಸಿ ಸಮುದಾಯಗಳಿಗೆ ಔಷಧ ತಲುಪಿಸುವ ಕುರಿತು ಓದಿದ ಲೇಖನವೊಂದು, ರೋಗಿಗೆ ಔಷಧದ ಬೆಲೆ ಹೊರೆಯಾಗಬಾರದು ಎಂಬ ವಿಚಾರದಲ್ಲೇ ನಿಂತಿದೆ ಎನಿಸಿತು. ಆ ದೇಶದ ರಾಷ್ಟ್ರೀಯ ಆರೋಗ್ಯ ಕಾಯ್ದೆಯ 100ನೇ ಸೆಕ್ಷನ್ ಅಡಿ 1999ರಿಂದ ಜಾರಿಯಲ್ಲಿರುವ ವ್ಯವಸ್ಥೆಯಲ್ಲಿ ಔಷಧಗಳು ಸಗಟಾಗಿ ಅಲ್ಲಿನ ಚಿಕಿತ್ಸಾಲಯಕ್ಕೇ ಬರುತ್ತವೆ. ರೋಗಿ ಹಣ ಕೊಡಬೇಕಿಲ್ಲ, ಔಷಧದಂಗಡಿಗಾಗಿ ನೂರಾರು ಕಿಲೋಮೀಟರ್ ಅಲೆಯಬೇಕಾಗಿಯೂ ಇಲ್ಲ. ಇದು ನಿಜಕ್ಕೂ ದೊಡ್ಡ ಕೆಲಸ. ಆದರೆ ಫಾರ್ಮಸಿಸ್ಟ್ ಬಹುತೇಕ ದೂರದ ಪಟ್ಟಣದಲ್ಲೇ ಉಳಿಯುವುದರಿಂದ, ಯಾವ ಮಾತ್ರೆ ಏಕೆ, ಎಷ್ಟು ದಿನ ಎಂದು ರೋಗಿಯ ಭಾಷೆಯಲ್ಲಿ ಕೂತು ಹೇಳುವವರು ಸಿಗುವುದು ಕಷ್ಟ. ರುಮ್ಯಾಟಿಕ್ ಹೃದ್ರೋಗದ (ಗಂಟಲಿನಂಥ ಸೋಂಕಿನ ನಂತರ ಬರುವ ಜ್ವರದಿಂದ ಹೃದಯದ ಕವಾಟ ಕೆಡುವ ಕಾಯಿಲೆ) ಮಕ್ಕಳನ್ನೇ ನೋಡಿ: ಆ ಜ್ವರ ಮರುಕಳಿಸದಂತೆ ಪೆನಿಸಿಲಿನ್ ಚುಚ್ಚುಮದ್ದು ಸುಮಾರು ನಾಲ್ಕು ವಾರಕ್ಕೊಮ್ಮೆ, ವರ್ಷಗಟ್ಟಲೆ ತಪ್ಪದೆ ಆಗಬೇಕು. ಔಷಧ ಫ್ರಿಜ್‌ನಲ್ಲೇ ಇದ್ದರೂ, ಆ ನೋವಿನ ಸೂಜಿಗೆ ಮಗುವನ್ನು ಒಪ್ಪಿಸಬಲ್ಲ ಪರಿಚಯದ ಆರೋಗ್ಯ ಕಾರ್ಯಕರ್ತೆ ಇಲ್ಲದಿದ್ದರೆ ಆ ತಿಂಗಳು ತಪ್ಪಿಹೋಗುತ್ತದೆ. ಸಮುದಾಯಗಳೇ ನಡೆಸುವ ಆರೋಗ್ಯ ಸಂಸ್ಥೆಗಳಲ್ಲಿ ಇಂಥವರ ಹಾಗೂ ಫಾರ್ಮಸಿಸ್ಟರ ಹುದ್ದೆಗಳಿಗೆ ಕಾಯಂ ಅನುದಾನ ದೊರೆಯಬೇಕು.