ಸಾಲದ ಕುದುರೆಗಳು

ನನ್ನ ಮಿತ್ರರೊಬ್ಬರು ಎಂಟು ತಿಂಗಳ ಕಾಲ ಒಂದು ಗಹನವಾದ ಪ್ರಶ್ನೆಯನ್ನು ತಲೆಯ ಮೇಲೆ ಹೊತ್ತು ತಿರುಗಿದರು. ಅವರ ಬಳಿ ಒಂದು ಸ್ಪೋರ್ಟ್ಸ್ ಕಾರಿತ್ತು. ಎರಡು ಲೀಟರಿನ ಟರ್ಬೊ ಎಂಜಿನ್ನು, 250 ಅಶ್ವಶಕ್ತಿ, ಗಂಟೆಗೆ 250 ಕಿಲೋಮೀಟರಿನ ಗರಿಷ್ಠ ವೇಗ, ಒಂದು ಛತ್ರಿಯನ್ನೂ ಒಂದು ಕೈಚೀಲವನ್ನೂ ಒಟ್ಟಿಗೆ ಇಟ್ಟರೆ ಅವೆರಡೂ ಜಗಳವಾಡುವಷ್ಟು ವಿಶಾಲವಾದ ಹಿಂದಿನ ಸೀಟು. ಇದನ್ನೇ ಮಾಡಿಫೈ ಮಾಡಿಸಿ ಚುರುಕುಗೊಳಿಸುವುದೋ, ಇಲ್ಲವೇ ಇದನ್ನು ಮಾರಿ ಹೊಸ ಮಾದರಿಯನ್ನು ಕೊಳ್ಳುವುದೋ ಎಂಬುದು ಅವರ ಪ್ರಶ್ನೆ. ಇದ್ದ ಕಾರನ್ನು ಇದ್ದ ಹಾಗೆ ಓಡಿಸಿಕೊಂಡಿರುವ ಮೂರನೆಯ ದಾರಿಯೊಂದಿದೆಯಲ್ಲ ಎಂದು ನಾನು ಒಮ್ಮೆ ಹೇಳಿ ನೋಡಿದೆ. ಹಲ್ಲುನೋವೆಂದು ಹೋದಾಗ ನಗುವುದನ್ನು ಅಭ್ಯಾಸ ಮಾಡಿಕೊಳ್ಳಿ ಎಂದ ವೈದ್ಯನನ್ನು ನೋಡುವಂತೆ ಅವರು ನನ್ನನ್ನು ನೋಡಿದರು.

ಒಂದು ರಾತ್ರಿ ಅವರು ತಮ್ಮ ಲೆಕ್ಕದ ಪುಸ್ತಕವನ್ನು ತೆರೆದು ತೋರಿಸಿದರು. ಹಾಳೆಯ ನಡುವೆ ಸ್ಕೇಲಿಟ್ಟು ಎಳೆದ ಗೆರೆ. ಎಡಕ್ಕೆ ‘ಹಳೆಯದು’, ಬಲಕ್ಕೆ ‘ಹೊಸದು’. ಎಡಗಡೆಯ ಲೆಕ್ಕದಲ್ಲಿ ಕ್ಲಚ್ಚಿನ ಖರ್ಚು ಇರಲಿಲ್ಲ, ಬಲಗಡೆಯ ಲೆಕ್ಕದಲ್ಲಿ ವಿಮೆಯ ಕಂತು ಇರಲಿಲ್ಲ. ಯಾವ ರಾತ್ರಿ ಯಾವ ಕಡೆಗೆ ಮನಸ್ಸು ವಾಲಿತ್ತೋ ಆ ರಾತ್ರಿ ಆ ಕಡೆಯ ಅಂಕಿಗಳನ್ನು ರಬ್ಬರಿನಿಂದ ಉಜ್ಜಿ ಸಣ್ಣದಾಗಿಸಿದ ಗುರುತು ಹಾಳೆಯ ತುಂಬ ಇತ್ತು. ‘ಅಶ್ವಶಕ್ತಿ ಸಾಲದು’ ಎಂಬ ಒಂದು ಸಾಲು ಮಾತ್ರ ಎರಡೂ ಕಡೆ ಶಾಯಿಯಲ್ಲಿತ್ತು. ಕನ್ನಡದಲ್ಲಿ ‘ಸಾಲದ’ ಎಂದರೆ ಸಾಕಾಗದ್ದು ಎಂದೂ ಆಗುತ್ತದೆ, ಕಡ ತಂದದ್ದು ಎಂದೂ ಆಗುತ್ತದೆ. ಎರಡು ಅರ್ಥಕ್ಕೂ ಒಟ್ಟೊಟ್ಟಿಗೆ ನ್ಯಾಯ ಒದಗಿಸುವ ಪ್ರಾಣಿಯೆಂದರೆ ಸ್ಪೋರ್ಟ್ಸ್ ಕಾರಿನ ಕುದುರೆ.

ಈ ಕುದುರೆ ಹುಟ್ಟಿದ್ದೇ ವ್ಯಾಪಾರಕ್ಕಾಗಿ. ಜೇಮ್ಸ್ ವಾಟ್ ತನ್ನ ಉಗಿಯಂತ್ರಗಳನ್ನು ಮಾರುವಾಗ, ಗಿರಣಿ ತಿರುಗಿಸುವ ಎಷ್ಟು ಕುದುರೆಗಳ ಕೆಲಸವನ್ನು ಒಂದು ಯಂತ್ರ ಮಾಡಬಲ್ಲದು ಎಂದು ಗಿರಾಕಿಗೆ ಮನದಟ್ಟಾಗಲಿ ಎಂದು ಈ ಅಳತೆಯನ್ನು ಚಲಾವಣೆಗೆ ತಂದ. ಅಂದಿನಿಂದ ಇಂದಿನವರೆಗೂ ಅದು ಅಳತೆಯ ಕೆಲಸಕ್ಕಿಂತ ಜಾಹೀರಾತಿನ ಕೆಲಸವನ್ನೇ ಹೆಚ್ಚು ನಿಷ್ಠೆಯಿಂದ ಮಾಡಿಕೊಂಡು ಬಂದಿದೆ. ಕುದುರೆಗಳಲ್ಲೂ ಎರಡು ಜಾತಿ. ಬ್ರಿಟಿಷ್ ಕುದುರೆ 745.7 ವ್ಯಾಟಿನದು, ಮೆಟ್ರಿಕ್ ಕುದುರೆ 735.5 ವ್ಯಾಟಿನದು. ಆದ್ದರಿಂದ ಬ್ರಿಟಿಷ್ ಲೆಕ್ಕದ 300 ಕುದುರೆಗಳನ್ನು ಮೆಟ್ರಿಕ್ ಲೆಕ್ಕಕ್ಕೆ ತಂದರೆ ಸ್ಪ್ಯಾನರನ್ನು ಮುಟ್ಟದೆಯೇ ಲಾಯದಲ್ಲಿ ನಾಲ್ಕು ಕುದುರೆಗಳು ಹೆಚ್ಚುತ್ತವೆ. ನಾನು ಕಂಡ ಮಾಡಿಫಿಕೇಶನ್ನುಗಳಲ್ಲಿ ಎಂಜಿನ್ನಿಗೆ ಕಿಂಚಿತ್ತೂ ಹಾನಿ ಮಾಡದ್ದು ಇದೊಂದೇ. ಇನ್ನು ಜಪಾನಿನ ತಯಾರಕರಂತೂ 1989ರಿಂದ 2004ರವರೆಗೆ, ತಮ್ಮ ನಾಡಿನಲ್ಲಿ ಮಾರುವ ಯಾವ ಕಾರಿಗೂ 280ಕ್ಕಿಂತ ಹೆಚ್ಚು ಅಶ್ವಶಕ್ತಿಯನ್ನು ಘೋಷಿಸಬಾರದೆಂದು ತಮ್ಮತಮ್ಮಲ್ಲೇ ಸಭ್ಯರ ಒಪ್ಪಂದವೊಂದನ್ನು ಮಾಡಿಕೊಂಡಿದ್ದರು. ಎಂಜಿನ್ನುಗಳು ಮಾತ್ರ ಅಷ್ಟು ಸಭ್ಯವಾಗಿರದೆ, ಕಾಗದದಲ್ಲಿ 280 ಎಂದು ಬರೆಸಿಕೊಂಡು ರಸ್ತೆಯಲ್ಲಿ ಅದಕ್ಕಿಂತ ಹೆಚ್ಚನ್ನೇ ಕೊಡುತ್ತಿದ್ದವು.

ನಿರ್ಧಾರವಾಗುವವರೆಗೆ ಕೈಕಟ್ಟಿ ಕೂರುವುದು ಸರಿಯಲ್ಲವೆಂದು ನನ್ನ ಮಿತ್ರರು ಆ ಎಂಟು ತಿಂಗಳಲ್ಲಿ ಕೆಲವು ‘ಸಣ್ಣಪುಟ್ಟ’ ಕೆಲಸಗಳನ್ನು ಮಾಡಿಸಿದರು. ಮೊದಲನೆಯದು ಎಂಜಿನ್ನನ್ನು ಆಳುವ ಇಸಿಯು ಎಂಬ ಕಂಪ್ಯೂಟರಿನ ತಂತ್ರಾಂಶವನ್ನು ತಿದ್ದಿಸಿದ್ದು. ಟರ್ಬೊ ಎಂಜಿನ್ನಿನ ಮಟ್ಟಿಗೆ ಈ ಕೆಲಸದಲ್ಲಿ ಹುರುಳಿದೆ ಎಂಬುದನ್ನು ಒಪ್ಪಿಕೊಳ್ಳಬೇಕು. ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊದ ಒತ್ತಡವನ್ನು ಏರಿಸಿದರೆ ಒಂದು ಬೋಲ್ಟನ್ನೂ ಬಿಚ್ಚದೆ ಶಕ್ತಿ ಶೇಕಡಾ 20ರಷ್ಟು ಹೆಚ್ಚುವುದು ಸಾಮಾನ್ಯ. (ಟರ್ಬೊ ಇಲ್ಲದ ಎಂಜಿನ್ನಿಗೆ ಇದೇ ಉಪಚಾರ ಮಾಡಿಸಿದವರಿಗೆ ಸಿಗುವುದು ಬಹುಮಟ್ಟಿಗೆ ರಸೀದಿ.) ಇದಕ್ಕೆ ಸ್ಟೇಜ್ ಒನ್ ಎಂದು ಹೆಸರು. ಗಾಳಿ ಒಳಬರುವ, ಹೊಗೆ ಹೊರಹೋಗುವ ಕೊಳವೆಗಳನ್ನೂ ಟರ್ಬೊ ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರನ್ನೂ ಬದಲಿಸಿದರೆ ಸ್ಟೇಜ್ ಟು, ಟರ್ಬೊವನ್ನೇ ಕಿತ್ತು ದೊಡ್ಡದನ್ನು ಕೂರಿಸಿದರೆ ಸ್ಟೇಜ್ ತ್ರೀ. ಈ ಹಂತಗಳಿಗೆ ಅಧಿಕೃತ ವ್ಯಾಖ್ಯೆಯೆಂಬುದಿಲ್ಲ. ಒಂದು ಎಂದು ಹೆಸರಿಟ್ಟ ಮೇಲೆ ಎರಡು ಎಂಬುದೊಂದು ಇರಲೇಬೇಕೆಂಬ ಹಂಬಲ ಗಿರಾಕಿಯಲ್ಲಿ ತಾನಾಗಿಯೇ ಮೊಳೆಯುತ್ತದೆ.

ಎರಡನೆಯ ಹಂತ ಬರುವ ಮೊದಲು ಕ್ಲಚ್ಚು ಬಂತು. ಹೆಚ್ಚಿದ ಟಾರ್ಕನ್ನು, ಅಂದರೆ ತಿರುಗಿಸುವ ಬಲವನ್ನು, ತಾಳಲಾರದೆ ಹಳೆಯ ಕ್ಲಚ್ಚು ಜಾರತೊಡಗಿತು. ಗಟ್ಟಿ ಕ್ಲಚ್ಚು ಹಾಕಿಸಿದರೆ, ಹಳೆಯದು ಜಾರಿ ತಪ್ಪಿಸುತ್ತಿದ್ದ ಹೊಡೆತವೆಲ್ಲ ನೇರವಾಗಿ ಗೇರ್‌ಬಾಕ್ಸಿಗೆ ಬೀಳುತ್ತದೆ; ಗೇರ್‌ಬಾಕ್ಸನ್ನು ಬಲಪಡಿಸಿದರೆ ಮುರಿಯುವ ಸರದಿ ಚಕ್ರಕ್ಕೆ ಶಕ್ತಿ ಮುಟ್ಟಿಸುವ ಡ್ರೈವ್ ಶಾಫ್ಟಿನದು. ಇಲಿಗಳಿಂದ ಕೌಪೀನ ಕಾಪಾಡಲು ಬೆಕ್ಕು ಸಾಕಿ, ಬೆಕ್ಕಿನ ಹಾಲಿಗೆ ಹಸು ಕಟ್ಟಿ, ಹಸುವನ್ನು ನೋಡಿಕೊಳ್ಳಲು ಮದುವೆಯಾದ ಸನ್ಯಾಸಿ ಈ ಕಾಲದವನಾಗಿದ್ದರೆ ಅವನಿಗೆ ಅಷ್ಟು ಸುತ್ತಾಟ ಬೇಕಿರಲಿಲ್ಲ, ಒಂದು ಸ್ಟೇಜ್ ಒನ್ ಸಾಕಾಗುತ್ತಿತ್ತು. ಇಷ್ಟಾಗಿ ದಕ್ಕಿದ್ದೇನು ಎಂದು ನಾನೂ ಲೆಕ್ಕ ಹಾಕಿದೆ. ಗಾಳಿಯನ್ನು ಸೀಳಿಕೊಂಡು ಹೋಗಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಹಾಗಾಗಿ 250 ಕುದುರೆಗಳು 300 ಆದಾಗ ಗರಿಷ್ಠ ವೇಗ 250ರಿಂದ ಸುಮಾರು 266 ಕಿಲೋಮೀಟರಿಗೆ ಹೋಗುತ್ತದೆ. ಆ ಹದಿನಾರು ಕಿಲೋಮೀಟರುಗಳು ಅವರ ಪಾಲಿಗೆ ಕಾಲಿಡದ ಊರಿನಲ್ಲಿ ಕೊಂಡ ಸೈಟು. ಕಾರು ಮೊದಲಿಗಿಂತ ಬೇಗ ಚಿಮ್ಮುತ್ತದೆ ಎಂಬುದು ನಿಜ. ಮುಂದಿನ ಕೆಂಪು ದೀಪವನ್ನು ಎರಡು ಸೆಕೆಂಡು ಮೊದಲೇ ತಲುಪಿ, ಅಲ್ಲಿ ಎರಡು ಸೆಕೆಂಡು ಹೆಚ್ಚು ಕಾಯಬಹುದು.

ಕುದುರೆಗಳನ್ನು ಎಣಿಸುವ ಡೈನೊ ಎಂಬ ಸಾಧನದ ಬಳಿಗೆ ಅವರು ಒಮ್ಮೆ ನನ್ನನ್ನೂ ಕರೆದೊಯ್ದಿದ್ದರು. ಕಾರನ್ನು ರೋಲರುಗಳ ಮೇಲೆ ನಿಲ್ಲಿಸಿ, ನಾಲ್ಕೂ ಕಡೆ ಪಟ್ಟಿಗಳಿಂದ ಬಿಗಿದು, ಮೂತಿಯ ಮುಂದೆ ಆಳೆತ್ತರದ ಫ್ಯಾನೊಂದನ್ನು ತಿರುಗಿಸಿದರು. ಕಾರು ನಿಂತಲ್ಲೇ ಗಂಟೆಗೆ ಇನ್ನೂರು ಕಿಲೋಮೀಟರು ಓಡಿ, ಎಲ್ಲಿಗೂ ಹೋಗದೆ, 294 ಎಂಬ ಅಂಕಿಯನ್ನು ಕೊಟ್ಟಿತು. ಅದು ಬೆಳಗಿನ ತಂಪು ಹೊತ್ತು. ಆಮೇಲೆ ಮೆಕ್ಯಾನಿಕ್ ‘ಕೋಲ್ಡ್ ಏರ್ ಇನ್‌ಟೇಕ್’ ಎಂಬ, ಹೊಳೆಯುವ ಶಂಕುವಿನಾಕಾರದ ಫಿಲ್ಟರನ್ನು ಜೋಡಿಸಿದ. ಕಂಪನಿಯವರು ಗ್ರಿಲ್ಲಿನ ಹಿಂದಿನಿಂದ ತಂಪು ಗಾಳಿ ಎಳೆಯಲೆಂದು ಕೊಟ್ಟಿದ್ದ ಮುಚ್ಚಿದ ಪೆಟ್ಟಿಗೆಯನ್ನು ಕಿತ್ತು, ಎಂಜಿನ್ನಿನ ಪಕ್ಕದ ಬಿಸಿಗಾಳಿಗೆ ಬಾಯಿ ತೆರೆದುಕೊಂಡಿರುವ ಫಿಲ್ಟರನ್ನು ಹಾಕುವುದಕ್ಕೆ ‘ಕೋಲ್ಡ್ ಏರ್’ ಎಂಬ ಹೆಸರು ಹೇಗೆ ಒಪ್ಪುತ್ತದೆ ಎಂದು ನಾನು ಕೇಳಲಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಮತ್ತೆ ಓಡಿಸಿದಾಗ 290 ಬಂತು. ಮಿತ್ರರ ಮುಖ ಇಳಿಯಿತು. ಮೆಕ್ಯಾನಿಕ್ ಅವರ ಮುಖವನ್ನೊಮ್ಮೆ, ಪರದೆಯನ್ನೊಮ್ಮೆ ನೋಡಿ, ಹವೆಯ ಉಷ್ಣಾಂಶ ಮತ್ತು ಒತ್ತಡಕ್ಕೆ ಮಾಡುವ ತಿದ್ದುಪಡಿಯ ಮಾನಕವನ್ನು ಬದಲಿಸುವ ಗುಂಡಿಯನ್ನು ಒತ್ತಿದ. 301 ಬಂತು. “ನೋಡಿದ್ರಾ, ಹನ್ನೊಂದು ಕುದುರೆ!” ಎಂದು ಅವರು ನನ್ನ ಭುಜ ತಟ್ಟಿದರು. ಆ ಹಾಳೆಗೆ ಈಗ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದಾರೆ.

ಅನಂತರ ಶಬ್ದದ ಸರದಿ. ಆಕ್ಸಿಲರೇಟರಿನಿಂದ ಕಾಲು ತೆಗೆದೊಡನೆ ಎಂಜಿನ್ನಿಗೆ ಇಂಧನ ಹೋಗುವುದು ನಿಲ್ಲಲಿ ಎಂದು ಎಂಜಿನಿಯರುಗಳು ಬಹಳ ಹಿಂದೆಯೇ ಏರ್ಪಾಡು ಮಾಡಿದ್ದಾರೆ. ನನ್ನ ಮಿತ್ರರು ಹಣ ಕೊಟ್ಟು ಆ ಏರ್ಪಾಡನ್ನು ಕೆಡಿಸಿ, ಕಾಲು ತೆಗೆದಾಗಲೂ ಇಂಧನ ಸುರಿದು ಅದು ಎಕ್ಸಾಸ್ಟ್ ಕೊಳವೆಯೊಳಗೆ ಪಟಪಟನೆ ಸಿಡಿಯುವಂತೆ ಮಾಡಿಸಿಕೊಂಡರು. ಹೊಗೆಯನ್ನು ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಆ ಕಾವು ಒಗ್ಗುವುದಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹೊತ್ತಿಕೊಂಡದ್ದು ಅಂದಿನಿಂದಲೇ, ಅದನ್ನು ಅವರು ಅಲಂಕಾರವೆಂದು ಭಾವಿಸಿದಂತಿದೆ.

ಕಾರನ್ನು ತಗ್ಗಿಸಿದ ಕಥೆಯನ್ನು ಮಾತ್ರ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಇಷ್ಟು ಶ್ರದ್ಧೆಯಿಂದ ಹಣ ಕೊಟ್ಟು ಕಾರನ್ನು ಕೆಡಿಸಿಕೊಳ್ಳುವ ವಿಧಾನ ಇನ್ನೊಂದಿಲ್ಲ. ಗಿಡ್ಡ ಸ್ಪ್ರಿಂಗು ಹಾಕಿದರೆ ಗುರುತ್ವಕೇಂದ್ರ ಕೆಳಗಿಳಿಯುತ್ತದೆ, ಕಾರು ತಿರುವಿನಲ್ಲಿ ವಾಲುವುದು ಕಡಿಮೆಯಾಗುತ್ತದೆ ಎಂಬುದು ಎಲ್ಲರೂ ಬಲ್ಲ ಶಾಸ್ತ್ರ. ಆದರೆ ಮ್ಯಾಕ್‌ಫರ್ಸನ್ ಸ್ಟ್ರಟ್ ಎಂಬ ಬಗೆಯ ಸಸ್ಪೆನ್ಷನ್ ಇರುವ ಕಾರುಗಳಲ್ಲಿ, ದೇಹ ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ರೋಲ್ ಸೆಂಟರ್ ಎಂಬುದು ಗುರುತ್ವಕೇಂದ್ರಕ್ಕಿಂತ ವೇಗವಾಗಿ ಕೆಳಗೆ ಜಾರುತ್ತದೆ. ಎರಡರ ನಡುವಿನ ಅಂತರವೇ ಕಾರನ್ನು ವಾಲಿಸುವ ಸನ್ನೆಗೋಲಾದ್ದರಿಂದ, ತಗ್ಗಿಸಿದಷ್ಟೂ ಸನ್ನೆಗೋಲು ಉದ್ದವಾಗಿ ಕಾರು ವಾಲಲು ಇನ್ನಷ್ಟು ಹಾತೊರೆಯುತ್ತದೆ. ಅದನ್ನು ತಡೆಯಲು ಕಲ್ಲಿನಷ್ಟು ಗಡುಸಾದ ಸ್ಪ್ರಿಂಗು ಬೇಕು. ಗಡುಸಾದ ಸ್ಪ್ರಿಂಗಿದ್ದರೆ ಉಬ್ಬುತಗ್ಗಿನಲ್ಲಿ ಚಕ್ರ ನೆಲ ಬಿಡುತ್ತದೆ. ಈಗ ಅವರ ಕಾರು ರಸ್ತೆಯುಬ್ಬುಗಳನ್ನು ಓರೆಯಾಗಿ, ಕೆಸರಿನಲ್ಲಿ ಪಂಚೆ ಎತ್ತಿ ಹಿಡಿದವರ ಹಾಗೆ, ಒಂದೊಂದೇ ಚಕ್ರವನ್ನು ದಾಟಿಸಿಕೊಂಡು ಹೋಗುತ್ತದೆ. ಹಿಂದಿನಿಂದ ಬಂದ ಸೈಕಲ್ಲುಗಳು ಅಲ್ಲಿ ಅವರನ್ನು ಓವರ್‌ಟೇಕ್ ಮಾಡುತ್ತವೆ.

ಡಿಕ್ಕಿಯ ಮೇಲೆ ರೆಕ್ಕೆಯೂ ಬಂತು. ರೆಕ್ಕೆ ಕಾರನ್ನು ನೆಲಕ್ಕೆ ಒತ್ತುವ ಬಲ ವೇಗದ ವರ್ಗಕ್ಕೆ ಅನುಗುಣವಾದದ್ದು. 200 ಕಿಲೋಮೀಟರ್ ವೇಗದಲ್ಲಿ 80 ಕಿಲೋ ಒತ್ತುವ ರೆಕ್ಕೆ 50 ಕಿಲೋಮೀಟರಿನಲ್ಲಿ ಒತ್ತುವುದು 5 ಕಿಲೋ. ಅದನ್ನು ಬಿಚ್ಚಿ ಡಿಕ್ಕಿಯೊಳಗೆ ಇಟ್ಟರೂ ಹೆಚ್ಚುಕಡಿಮೆ ಅಷ್ಟೇ ಒತ್ತುತ್ತಿತ್ತು.

ಇಷ್ಟಾದ ಮೇಲೆ ಅವರಿಗೆ, ಹಳೆಯ ಕಾರಿಗೆ ಹಣ ಸುರಿಯುವುದು ವ್ಯರ್ಥ, ಹೊಸದನ್ನು ಕೊಳ್ಳುವುದೇ ಜಾಣತನ ಎಂದು ಹೊಳೆಯಿತು. ಹೊಸ ಕಾರುಗಳ ಲೋಕದಲ್ಲಿ ಅವರಿಗಾಗಿ ಬೇರೆಯದೇ ಮನರಂಜನೆ ಕಾದಿತ್ತು. 2011ರಲ್ಲಿ ಬಂದ ಬಿಎಂಡಬ್ಲ್ಯೂ ಎಂ5 ಕಾರು ತನ್ನ ಎಂಜಿನ್ನಿನ ಸದ್ದನ್ನು ಸ್ಪೀಕರುಗಳ ಮೂಲಕ ಚಾಲಕನಿಗೆ ಕೇಳಿಸಿತು; 2023ರ ಹ್ಯುಂಡೈ ಅಯಾನಿಕ್ 5 ಎನ್ ಎಂಬ ಬ್ಯಾಟರಿ ಕಾರು ಇಲ್ಲದ ಗೇರನ್ನು ಬದಲಾಯಿಸಿದಂತೆ ಎಳೆದಾಡಿ ತೋರಿಸುತ್ತದೆ; 2024ರ ಬ್ಯಾಟರಿಯ ಡಾಡ್ಜ್ ಚಾರ್ಜರ್ ಡೇಟೋನಾ, ಹೊಗೆಯೇ ಇಲ್ಲದಿದ್ದರೂ ಎಕ್ಸಾಸ್ಟ್ ಎಂದು ಹೆಸರಿಟ್ಟುಕೊಂಡ ಸಾಧನದಿಂದ 126 ಡೆಸಿಬೆಲ್ಲಿನವರೆಗೆ ಗುಡುಗುತ್ತದೆ. ಮೊದಲ ಎಂ5 1985ರ ಸುಮಾರಿನಲ್ಲಿ 1,430 ಕಿಲೋದ ಆಸುಪಾಸಿನಲ್ಲಿದ್ದು 286 ಕುದುರೆಗಳನ್ನು ಹೂಡಿಕೊಂಡಿತ್ತು. 2024ರ ಎಂ5 727 ಕುದುರೆಗಳನ್ನು ಹೂಡಿಕೊಂಡು ಬಂದಿದೆ, ಜೊತೆಗೆ 2,400 ಕಿಲೋ ದಾಟಿದ ತೂಕವನ್ನೂ ತಂದಿದೆ. ಹೆಚ್ಚುವರಿ ಕುದುರೆಗಳಲ್ಲಿ ಕೆಲವು ಹೆಚ್ಚುವರಿ ಟನ್ನನ್ನು ಹೊರುವುದಕ್ಕೇ ನೇಮಕವಾಗಿವೆ ಎನ್ನಬಹುದು. ಇಷ್ಟು ಶಕ್ತಿಯ ಕಾರಾದರೂ ಯುರೋಪಿಯನ್ ಒಕ್ಕೂಟದಲ್ಲಿ 2024ರ ಜುಲೈನಿಂದ ಮಾರಾಟವಾಗುವ ಹೊಸ ಕಾರುಗಳೆಲ್ಲವೂ, ವೇಗದ ಮಿತಿ ದಾಟಿದೊಡನೆ ಚಾಲಕನನ್ನು ಎಚ್ಚರಿಸಲೇಬೇಕೆಂಬ ನಿಯಮವಿದೆ. ಏಳುನೂರು ಕುದುರೆಗಳನ್ನೂ ಅವುಗಳಿಗೊಬ್ಬ ಮೇಷ್ಟ್ರನ್ನೂ ಒಂದೇ ಬಿಲ್ಲಿನಲ್ಲಿ ಕೊಡುತ್ತಾರೆ. 1989ರಲ್ಲಿ ಬಂದ ಮಾಜ್ದಾ ಎಂಎಕ್ಸ್-5 ಇಂದಿಗೂ ಒಂದು ಟನ್ನಿನ ಸುತ್ತಮುತ್ತಲೇ ಇದೆಯಲ್ಲ ಎಂದು ನಾನು ಸೂಚಿಸಿದಾಗ, ಅದರಲ್ಲಿ ಕುದುರೆಗಳು ಸಾಲವು ಎಂದರು.

ಆದರೆ ‘ಸಾಲದ ಕುದುರೆ’ ಎಂಬ ಮಾತನ್ನು ಅಕ್ಷರಶಃ ಸಾಧಿಸಿದ ಕೀರ್ತಿ ಮರ್ಸಿಡಿಸ್ ಕಂಪನಿಯದು. 2022ರಲ್ಲಿ ಅದು ಅಮೆರಿಕದ ಗಿರಾಕಿಗಳಿಗೆ, ಅವರು ಆಗಲೇ ಕೊಂಡಿದ್ದ ಬ್ಯಾಟರಿ ಕಾರಿನ ಮೋಟಾರಿನಲ್ಲಿ ಆಗಲೇ ಇದ್ದ ಶಕ್ತಿಯನ್ನು, ವಾರ್ಷಿಕ ಚಂದಾ ಕಟ್ಟಿದರೆ ಬಿಡುಗಡೆ ಮಾಡುವುದಾಗಿ ಪ್ರಕಟಿಸಿತು. ಕುದುರೆ ನಿಮ್ಮದು, ಲಾಯ ನಿಮ್ಮದು, ಹುಲ್ಲೂ ನಿಮ್ಮದು. ಅಗುಳಿ ಮಾತ್ರ ಅವರದು. ಅದೇ ವರ್ಷ ಬಿಎಂಡಬ್ಲ್ಯೂ ಕೆಲವು ದೇಶಗಳಲ್ಲಿ ಸೀಟು ಬಿಸಿ ಮಾಡುವ ಸೌಲಭ್ಯಕ್ಕೂ ತಿಂಗಳ ಚಂದಾ ಇಟ್ಟು, ಜನ ಸಾಕಷ್ಟು ನಕ್ಕ ಮೇಲೆ 2023ರಲ್ಲಿ ಅದನ್ನು ಕೈಬಿಟ್ಟಿತು. ಈ ಸುದ್ದಿಗಳನ್ನು ನಾನು ಓದಿ ಹೇಳಿದಾಗ ಮಿತ್ರರು ಕೇಳಿದ ಪ್ರಶ್ನೆ ಒಂದೇ: “ಚಂದಾ ಕಟ್ಟಿದರೆ ಎಷ್ಟು ಕುದುರೆ ಹೆಚ್ಚುತ್ತವೆ?”

ಈ ಎಂಟು ತಿಂಗಳಲ್ಲಿ ನಾನು ಅವರಿಗೆ ಇನ್ನೆರಡು ಸಲಹೆಗಳನ್ನೂ ಕೊಟ್ಟಿದ್ದೆ. ಚಾಲನೆ ಕಲಿಸುವ ಗುರುವೊಬ್ಬರೊಡನೆ ರೇಸ್ ಟ್ರ್ಯಾಕಿನಲ್ಲಿ ಒಂದು ದಿನ ಕಳೆಯಿರಿ ಎಂದದ್ದು ಒಂದು. “ಇಪ್ಪತ್ತು ವರ್ಷದಿಂದ ಓಡಿಸ್ತಿದೀನಿ ಕಣ್ರೀ” ಎಂದು ಅವರು ವಾರವಿಡೀ ನನ್ನ ಫೋನೆತ್ತಲಿಲ್ಲ. ಟೈರು ಬದಲಿಸಿ ಎಂದದ್ದು ಇನ್ನೊಂದು. ಕೆಂಪು ಬಣ್ಣದ ದೊಡ್ಡ ಬ್ರೇಕ್ ಕ್ಯಾಲಿಪರು ಹಾಕಿಸಲು ಹೊರಟಿದ್ದಾಗ, ಈಗಿನ ಬ್ರೇಕೇ ಚಕ್ರವನ್ನು ಹಿಡಿದು, ಚಕ್ರ ಕಟ್ಟಿಹೋಗದಂತೆ ಕಾಯುವ ಎಬಿಎಸ್ ಕೆಲಸ ಶುರುಮಾಡುವಷ್ಟು ಬಲವಾಗಿದ್ದರೆ, ಕಾರು ಎಷ್ಟು ದೂರದಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವುದು ಟೈರೇ ಹೊರತು ಬ್ರೇಕಲ್ಲ ಎಂದು ವಿವರಿಸಿದ್ದೆ. ಕುದುರೆಗಳು ಎಷ್ಟೇ ಇರಲಿ, ಅವು ನೆಲ ಮುಟ್ಟುವುದು ಅಂಗೈಯಷ್ಟಗಲದ ನಾಲ್ಕು ರಬ್ಬರು ತುಂಡುಗಳ ಮೂಲಕ. “ಟೈರು ಹೊಸದಾಗಿದ್ದರೆ ಯಾರಿಗೆ ಕಾಣುತ್ತೆ?” ಎಂದು ಅವರು ಕೇಳಿದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಕೊನೆಗೊಂದು ಭಾನುವಾರ ಕಾರು ನೋಡಲು ಒಬ್ಬ ಯುವಕ ಬಂದ. ಮಿತ್ರರು ಕಟ್ಟು ಹಾಕಿಸಿದ ಡೈನೊ ಹಾಳೆಯನ್ನು ಗೋಡೆಯಿಂದ ಇಳಿಸಿ ಕೈಯಲ್ಲಿ ಹಿಡಿದು ನಿಂತಿದ್ದರು. ಯುವಕ ರೆಕ್ಕೆಯ ಕಡೆ ತಿರುಗಿಯೂ ನೋಡಲಿಲ್ಲ, ಎಕ್ಸಾಸ್ಟಿನ ಪಟಪಟವನ್ನು ಕೇಳಿಸುತ್ತೇನೆಂದರೆ ಬೇಡವೆಂದ. ಮೊಬೈಲಿನ ಟಾರ್ಚು ಹೊತ್ತಿಸಿ ಮುಂದಿನ ಚಕ್ರದ ಬಳಿ ಕುಕ್ಕರಗಾಲಿನಲ್ಲಿ ಕೂತು, ಟೈರಿನ ಪಕ್ಕದ ಧೂಳನ್ನು ಹೆಬ್ಬೆರಳಿನಿಂದ ಒರೆಸಿ, ತಯಾರಾದ ವಾರವನ್ನೂ ವರ್ಷವನ್ನೂ ಹೇಳುವ ನಾಲ್ಕಂಕಿಗಳನ್ನು ಹುಡುಕಿದ. 2316 ಎಂದಿತ್ತು.

“2016ರ ಇಪ್ಪತ್ತಮೂರನೇ ವಾರದ್ದು ಸಾರ್, ಕಲ್ಲಾಗಿದೆ. ನಾಲ್ಕೂ ಬದಲಾಯಿಸಬೇಕು. ಆಮೇಲೆ ಸ್ಪ್ರಿಂಗು, ಎಕ್ಸಾಸ್ಟು, ಫಿಲ್ಟರು ಎಲ್ಲ ಕಂಪನಿಯದ್ದೇ ಹಾಕಿಸಬೇಕು. ಅದನ್ನೆಲ್ಲ ಕಳೆದು ಹೇಳಿ.”

ಮಿತ್ರರು ಡೈನೊ ಹಾಳೆಯನ್ನು ಮುಂದಕ್ಕೆ ಚಾಚಿದರು. ಯುವಕ ಅದನ್ನು ಮರ್ಯಾದೆಯಿಂದಲೇ ತೆಗೆದುಕೊಂಡು, ಹಿಂಬದಿಯ ಖಾಲಿ ಜಾಗದಲ್ಲಿ ನಾಲ್ಕು ಟೈರುಗಳ ಲೆಕ್ಕ ಬರೆಯತೊಡಗಿದ.