ಕೈ ಬೀಸಿ ನಡೆದರೂ ತೆರಿಗೆ

ಮೊನ್ನೆ ಬೈಲಹೊಂಗಲದಿಂದ ಭಾವ ಬಂದಿದ್ದರು. ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣಕ್ಕೆ ಹೋಗಿ ಕರೆದುಕೊಂಡೆ. ಅಲ್ಲೇ ನೇರಳೆ ಮೆಟ್ರೋ ಹತ್ತಿ, ನಾಲ್ಕನೇ ಸ್ಟಾಪ್ ಕಬ್ಬನ್ ಪಾರ್ಕಲ್ಲಿ ಇಳಿದೆವು. ಬೋರ್ಡ್ ನೋಡಿ ಭಾವ ನಕ್ಕರು. "ರಾಯಣ್ಣನ ಕಡೆ ಹತ್ತಿಸಿ, ಕಂಪನಿ ಸಾಹೇಬನ ಕಡೆ ಇಳಿಸಿದಿ ನೋಡಪಾ!"

ತಮಾಷೆಗೆ ಅಂದದ್ದು. ಆದರೆ ಈ ಎರಡೂ ಹೆಸರು ನಮ್ಮೂರಿಗೆ ಬಂದದ್ದು ಬಂಡಾಯದ ದಾರಿಯಲ್ಲೇ. ಅದೂ ಹೆಚ್ಚೂಕಡಿಮೆ ಒಂದೇ ಕಾಲದ ಬಂಡಾಯಗಳು.

ರಾಯಣ್ಣನದು ಗೊತ್ತೇ ಇದೆ. ಕಿತ್ತೂರು ಬಿದ್ದ ಮೇಲೆ ಅವನ ಇನಾಂ ಹೊಲ ಹೋಯಿತು, ಉಳಿದದ್ದರ ಮೇಲೆ ಕಂದಾಯ ಏರಿತು. ಆತ ಸರ್ಕಾರಿ ಕಚೇರಿಗಳಿಗೆ ಬೆಂಕಿ ಇಟ್ಟ. ಈಸ್ಟ್ ಇಂಡಿಯಾ ಕಂಪನಿ ಮೋಸದಿಂದ ಹಿಡಿಸಿ, 1831ರ ಜನವರಿ 26ರಂದು ನಂದಗಡದ ಹತ್ತಿರ ನೇಣಿಗೆ ಹಾಕಿತು.

ಅದೇ ಹೊತ್ತಿಗೆ ಇತ್ತ ಮೈಸೂರು ಸೀಮೆಯ ನಗರದ ಕಡೆ (ಈಗಿನ ಶಿವಮೊಗ್ಗ ಜಿಲ್ಲೆಯ ನಗರ ಅನ್ನೋ ಊರು) ರೈತರು 'ಕೂಟ' ಸೇರತೊಡಗಿದ್ದರು. ಅಲ್ಲಿನ ಕಥೆ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಇಂತಿಷ್ಟು ಹಣ ಎತ್ತಿಕೊಡ್ತೀನಿ ಅಂತ ಅಮಲ್ದಾರ, ಅಂದರೆ ತಾಲೂಕಿನ ಕಂದಾಯದ ಅಧಿಕಾರಿ, ಸರ್ಕಾರಕ್ಕೆ ಷರತ್ತು ಬರೆದುಕೊಡಬೇಕಿತ್ತು. ಕಮ್ಮಿ ಬಿದ್ದರೆ ಅವನ ಕೈಯಿಂದಲೇ ಹೋಗಬೇಕು. ಹಾಗಿರುವಾಗ ಅವನು ಯಾರ ಕುತ್ತಿಗೆ ಹಿಡಿಯುತ್ತಾನೆ ಹೇಳಿ? ಕೂಟ ಸೇರಿದವರ ಮೇಲೆ ಮೈಸೂರು ಅರಸರ ದಂಡು ಹೋಯಿತು. ಕೆಲವರನ್ನು ನೇಣಿಗೆ ಹಾಕಿದರು. ಅಷ್ಟಕ್ಕೂ ತಣ್ಣಗಾಗದೆ ಕೊನೆಗೆ ಕಂಪನಿ ಪಡೆಯೇ ಹೋಗಬೇಕಾಯಿತು. 1831ರ ಅಕ್ಟೋಬರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಹೋಯಿತು. ಅಧಿಕಾರ ಕಂಪನಿಯ ಕೈಗೆ, ಬೆಂಗಳೂರಿಗೆ ಬಂತು.

ಜನ ಯಾಕೆ ಎದ್ದರು ಅಂತ ನೋಡಲು ಸಮಿತಿ ಕೂರಿಸಿದ್ದು ಇದೆಲ್ಲ ಆದಮೇಲೆ! ಅದರ ಸದಸ್ಯರಲ್ಲಿ ಒಬ್ಬ ಮಾರ್ಕ್ ಕಬ್ಬನ್. ದುರಾಡಳಿತವೇ ಕಾರಣ ಅಂತ ವರದಿ ಬಂತು. ಮೈಸೂರಿನಿಂದ ವರ್ಷಕ್ಕೆ 24.5 ಲಕ್ಷ ರೂಪಾಯಿ ಕಪ್ಪ ಎಣಿಸಿಕೊಳ್ಳುತ್ತಿದ್ದ ಕಂಪನಿ, ಅರಸರಿಗೆ ಆಡಳಿತ ಬರಲ್ಲ ಅಂತ ತೀರ್ಪು ಕೊಟ್ಟಿತು. ನನಗೆ ಇಲ್ಲೇ ಸಿಟ್ಟು ಬರೋದು. ಕಾರಣ ಕೇಳೋಕೆ ನೇಣಿಗೆ ಮುಂಚೆ ಪುರುಸೊತ್ತು ಇರಲಿಲ್ವಾ?

ಹಾಗಂತ ಕಬ್ಬನ್ ಮಾಡಿದ್ದನ್ನು ಅಲ್ಲಗಳೆಯಲಾರೆ. 1834ರಿಂದ 1861ರವರೆಗೆ ಮೈಸೂರು ಸೀಮೆಯ ಕಮಿಷನರ್ ಆಗಿದ್ದ ಅವನ ಕಾಲದಲ್ಲಿ ಸಣ್ಣಪುಟ್ಟ ತೆರಿಗೆಗಳು 769 ರದ್ದಾದವು. ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ತೆರಿಗೆ, ತಲೆಗೂದಲು ತೆಗೆಸಿದರೂ ತೆರಿಗೆ. ಯಾವನೋ ಪಾಳೇಗಾರನ ಕುದುರೆ ತಪ್ಪಿಸಿಕೊಂಡಾಗ ಹಿರಿಯರು ಹುಡುಕಿಕೊಡಲಿಲ್ಲ ಅಂತ ಒಂದು ಹಳ್ಳಿಯವರು ತೆರುತ್ತಲೇ ಇದ್ದರು. ಅದೇ ನಗರ ಸೀಮೆಯ ಒಂದು ಜಾಗದಲ್ಲಂತೂ ಕೈ ಎರಡನ್ನೂ ಪಕ್ಕೆಗೆ ಒತ್ತಿಕೊಂಡು ನಡೆಯದಿದ್ದರೆ ತೆರಿಗೆ. ಇಂಥದ್ದನ್ನು ತೆತ್ತವರು ಎದ್ದು ನಿಂತರೆ ಅದಕ್ಕೆ ರಾಜದ್ರೋಹ ಅಂತ ಹೆಸರು.

ಪಾರ್ಕಿನ ಬಿದಿರು ಮೆಳೆ ಪಕ್ಕ ಕೂತು ಇದನ್ನೆಲ್ಲ ಹೇಳಿದೆ. ಭಾವ ಏನೂ ಮಾತಾಡಲಿಲ್ಲ. ಎದ್ದು ಹೊರಟಾಗ ಗೇಟಿನ ತನಕ ಎರಡೂ ಕೈ ಪಕ್ಕೆಗೆ ಒತ್ತಿಕೊಂಡೇ ನಡೆದರು. ಎದುರು ಬಂದ ಜಾಗಿಂಗ್ ಹುಡುಗರು ತಿರುತಿರುಗಿ ನೋಡಿದರು.