ಸಂಗಾತಿಯ ಗ್ರೀನ್ ಕಾರ್ಡ್‌ಗೆ ಆದಾಯದ ಗೆರೆ: ಇರಬೇಕೇ, ಬೇಡವೇ?

ಅಮೆರಿಕದ ಸಿಟಿಜನ್ ಒಬ್ಬರು ತಮ್ಮ ಗಂಡನನ್ನೋ ಹೆಂಡತಿಯನ್ನೋ ಗ್ರೀನ್ ಕಾರ್ಡ್ (ಕಾಯಂ ಆಗಿ ನೆಲೆಸುವ ಪರವಾನಗಿ) ಮೇಲೆ ಅಲ್ಲಿಗೆ ಕರೆಸಿಕೊಳ್ಳಬೇಕಾದರೆ, ಮದುವೆ ನಿಜವಾದದ್ದು ಅಂತ ತೋರಿಸಿದರೆ ಸಾಲದು. ಐ-864 ಅನ್ನುವ ಫಾರಂ ತುಂಬಿ, ಬರುವವರ ಜೀವನಕ್ಕೆ ನಾನು ಹೊಣೆ ಅಂತ ಸಹಿ ಹಾಕಬೇಕು. ಜೊತೆಗೆ ತಮ್ಮ ಆದಾಯ ಸರ್ಕಾರ ಹೇಳುವ ಬಡತನದ ರೇಖೆಯ ಶೇ. 125ರಷ್ಟಾದರೂ ಇದೆ ಅಂತ ದಾಖಲೆ ಕೊಡಬೇಕು. 2025ರ ಲೆಕ್ಕದಲ್ಲಿ ಇಬ್ಬರೇ ಇರುವ ಮನೆಗೆ ಇದು ವರ್ಷಕ್ಕೆ 26,437 ಡಾಲರ್ ಇತ್ತು. ಅಲಾಸ್ಕಾ, ಹವಾಯಿಗಳಲ್ಲಿ ಇನ್ನೂ ಜಾಸ್ತಿ. ಈ ಗೆರೆ ಇರಬೇಕೇ?

ಪರ: ಸಹಿಯ ಹಿಂದೆ ಸಂಪಾದನೆ ಇರಲಿ

ನಮ್ಮ ಊರುಗಳಲ್ಲಿ ಸಾಲಕ್ಕೆ ಜಾಮೀನು ನಿಲ್ಲುವವರ ಪಹಣಿ ನೋಡುತ್ತಾರೆ. ಅವರ ಮೇಲೆ ಅನುಮಾನ ಅಂತಲ್ಲ. ನಾಳೆ ತೀರಿಸುವ ಹೊತ್ತು ಬಂದರೆ ಅವರ ಕೈಯಲ್ಲಿ ಏನಾದರೂ ಇರಬೇಕಲ್ವಾ? ಐ-864 ಕೂಡ ಒಂದು ಜಾಮೀನು. ಇದು ಅಮೆರಿಕದ ಖಜಾನೆಗೆ ಕೊಡುವ ಜಾಮೀನು ಅಂತ ಮಾತ್ರ ಜನ ನೋಡುತ್ತಾರೆ. ಊರು ಬಿಟ್ಟು ಬರುವ ಹೆಂಡತಿಗೂ ಅದು ಜಾಮೀನು. ನಾನು ಈ ಗೆರೆಯ ಪರ ನಿಲ್ಲುವುದು ಅವಳಿಗಾಗಿ.

ಮೊದಲೂ ಇಂಥ ಅಫಿಡವಿಟ್ ಇತ್ತು. ಆದರೆ ಮಾತು ತಪ್ಪಿದವರನ್ನು ಕೇಳುವ ಹಾಗಿರಲಿಲ್ಲ. ಅದು ಬರೀ ನೈತಿಕ ಹೊಣೆ ಅಂತ ಕೋರ್ಟುಗಳು ಹೇಳಿದ್ದವು. 1996ರಲ್ಲಿ ಬಿಲ್ ಕ್ಲಿಂಟನ್ ಸಹಿ ಹಾಕಿದ ವಲಸೆ ಕಾನೂನು ಅದನ್ನು ಕರಾರು ಮಾಡಿತು. 1997ರ ಡಿಸೆಂಬರ್‌ನಿಂದ ಹೊಸ ಫಾರಂ ಬಂತು. ಅಂದಿನಿಂದ, ಸಹಿ ಹಾಕಿದ ಸ್ಪಾನ್ಸರ್ ಕೈಬಿಟ್ಟರೆ ಬಂದವರೇ ಕೋರ್ಟಿಗೆ ಹೋಗಿ ಹಣ ಕೇಳಬಹುದು.

ಎಷ್ಟು ಕಾಲ? ಹೆಂಡತಿ ಸಿಟಿಜನ್ ಆಗುವವರೆಗೆ, ಅಥವಾ ಅವಳ ಲೆಕ್ಕಕ್ಕೆ 40 ತ್ರೈಮಾಸಿಕಗಳ ಕೆಲಸ ಸೇರುವವರೆಗೆ. ಅಂದರೆ ಸುಮಾರು 10 ವರ್ಷ. ಅವಳು ಗ್ರೀನ್ ಕಾರ್ಡ್ ಬಿಟ್ಟುಕೊಟ್ಟು ಆ ದೇಶದಿಂದ ಬಂದರೆ, ಅಥವಾ ಇಬ್ಬರಲ್ಲಿ ಒಬ್ಬರು ತೀರಿಕೊಂಡರೆ ಕರಾರು ಮುಗಿಯುತ್ತದೆ. ಡೈವೋರ್ಸ್ ಆದರೆ ಮುಗಿಯುವುದಿಲ್ಲ! ಮಗಳನ್ನು ಕೊಡುವ ಅಪ್ಪ ಅಮ್ಮಂದಿರಲ್ಲಿ ಎಷ್ಟು ಜನಕ್ಕೆ ಇದು ಗೊತ್ತಿದೆಯೋ. 2012ರಲ್ಲಿ 7ನೇ ಸರ್ಕ್ಯೂಟ್ ಮೇಲ್ಮನವಿ ಕೋರ್ಟಿನಲ್ಲಿ ಒಬ್ಬ ಗಂಡ, ಡೈವೋರ್ಸ್ ಆದ ಹೆಂಡತಿ ಕೆಲಸ ಹುಡುಕುತ್ತಿಲ್ಲ, ಹಾಗಾಗಿ ನಾನು ಕೊಡಬೇಕಿಲ್ಲ ಅಂತ ವಾದಿಸಿದ. ಕೋರ್ಟ್ ಒಪ್ಪಲಿಲ್ಲ. 2016ರಲ್ಲಿ 9ನೇ ಸರ್ಕ್ಯೂಟ್, ಮದುವೆಗೆ ಮುಂಚೆ ಬರೆಸಿಕೊಂಡ ಒಪ್ಪಂದದಿಂದಲೂ ಈ ಹೊಣೆ ತಪ್ಪುವುದಿಲ್ಲ ಅಂದಿತು.

ಇಷ್ಟು ಬಲವಾದ ಕರಾರಿಗೆ ಸಹಿ ಹಾಕುವವನ ಹತ್ತಿರ ಸಂಪಾದನೆಯೇ ಇಲ್ಲದಿದ್ದರೆ? ಡಿಕ್ರಿ ಸಿಗಬಹುದು, ಹಣ ಸಿಗುವುದಿಲ್ಲ.

ದಾವಣಗೆರೆಯಲ್ಲಿ ಬಿಡಿಎಸ್ ಮುಗಿಸಿದ ಹುಡುಗಿ ಮದುವೆಯಾಗಿ ಒಹಾಯೋಗೆ ಹೋದಳು ಅಂತ ಇಟ್ಟುಕೊಳ್ಳಿ. ಗ್ರೀನ್ ಕಾರ್ಡ್ ಇದೆ, ಕೆಲಸ ಮಾಡುವ ಹಕ್ಕೂ ಇದೆ. ಆದರೆ ಅಲ್ಲಿ ಹಲ್ಲಿನ ಡಾಕ್ಟರ್ ಆಗಲು ಪರೀಕ್ಷೆ ಬರೆಯಬೇಕು, ಬಹಳ ಕಡೆ ಮತ್ತೆ ಕಾಲೇಜಿಗೆ ಹೋಗಬೇಕು. ಕಾರು ಓಡಿಸಲು ಬರುವುದಿಲ್ಲ, ಮನೆ ಹತ್ತಿರ ಬಸ್ಸಿಲ್ಲ. ಫುಡ್ ಸ್ಟ್ಯಾಂಪ್, ಮೆಡಿಕೇಡ್‌ನಂಥ ಸರ್ಕಾರಿ ನೆರವು ಸಾಮಾನ್ಯವಾಗಿ ಮೊದಲ 5 ವರ್ಷ ಸಿಗುವುದಿಲ್ಲ. ಆ ವರ್ಷಗಳಲ್ಲಿ ಅವಳಿಗೆ ಗಂಡನ ಸಂಬಳ ಒಂದೇ ಆಸರೆ. ಆ ಸಂಬಳ ಇದೆಯಾ ಅಂತ ಮೊದಲೇ ಕೇಳುವುದು ಕಾಳಜಿಯ ಕೆಲಸ. ನಮ್ಮ ಹಿರಿಯರು ಸಂಬಂಧ ನೋಡುವಾಗ ಕೇಳುವ ಮೊದಲ ಪ್ರಶ್ನೆಯೂ ಅದೇ.

ಗೆರೆಯೇನು ಆಕಾಶದಲ್ಲಿಲ್ಲ. 2025ರ ಲೆಕ್ಕದಲ್ಲಿ ತಿಂಗಳಿಗೆ ಸುಮಾರು 2,200 ಡಾಲರ್. ಬ್ರಿಟನ್ನಿನಲ್ಲಿ 2012ರಿಂದ 18,600 ಪೌಂಡ್ ಇದ್ದ ಮಿತಿಯನ್ನು 2024ರ ಏಪ್ರಿಲ್‌ನಲ್ಲಿ 29,000ಕ್ಕೆ ಏರಿಸಿದರು. ಅಲ್ಲಿ ಅಪ್ಪನ ಸಂಬಳವಾಗಲಿ ಮಾವನ ಸಂಬಳವಾಗಲಿ ಸಾಮಾನ್ಯವಾಗಿ ಲೆಕ್ಕಕ್ಕಿಲ್ಲ. ಅಮೆರಿಕದಲ್ಲಿ ಬೇರೆ ಬಾಗಿಲುಗಳಿವೆ. ಕೊರತೆಯ ಮೂರು ಪಟ್ಟು ಆಸ್ತಿ ತೋರಿಸಿದರೂ ನಡೆಯುತ್ತದೆ. ಹೆಂಡತಿಯ ಹೆಸರಿನಲ್ಲಿ ಮೈಸೂರಿನಲ್ಲಿ ಫ್ಲಾಟ್ ಇದ್ದು, ಒಂದು ವರ್ಷದೊಳಗೆ ಅದನ್ನು ಹಣ ಮಾಡಿಕೊಳ್ಳಬಹುದಾದರೆ ಅದೂ ಆದೀತು. ಯಾವುದೂ ಇಲ್ಲದಿದ್ದರೆ ಜಾಯಿಂಟ್ ಸ್ಪಾನ್ಸರ್ ಆಗಿ ಇನ್ನೊಬ್ಬರು ಸಹಿ ಹಾಕಬಹುದು.

ವಿರೋಧ: ಕರಾರು ಇರಲಿ, ಗೆರೆ ಬೇಡ

ಮೇಲಿನ ಮಾತಿನಲ್ಲಿ ಕರಾರಿನ ಬಗ್ಗೆ ಹೇಳಿದ್ದನ್ನೆಲ್ಲ ನಾನು ಒಪ್ಪುತ್ತೇನೆ. ಗಂಡ ಕೈಬಿಟ್ಟರೆ ಹೆಂಡತಿ ಕೋರ್ಟಿಗೆ ಹೋಗುವ ಹಕ್ಕು ಉಳಿಯಲೇಬೇಕು. ಆದರೆ ಆ ಹಕ್ಕಿಗೆ ಆದಾಯದ ಗೆರೆ ಬೇಕಿಲ್ಲ. ಪಕ್ಕದ ಕೆನಡಾ ನೋಡಿ. ಅಲ್ಲೂ ಸಂಗಾತಿಯನ್ನು ಕರೆಸಿಕೊಳ್ಳುವವರು 3 ವರ್ಷ ನೋಡಿಕೊಳ್ಳುತ್ತೇನೆ ಅಂತ ಬರೆದುಕೊಡಬೇಕು. ಸರ್ಕಾರದ ಧನಸಹಾಯದ ಮೇಲೆ ಬದುಕುತ್ತಿದ್ದರೆ ಸಾಮಾನ್ಯವಾಗಿ ಸ್ಪಾನ್ಸರ್ ಮಾಡುವ ಹಾಗಿಲ್ಲ. ಅಂಗವೈಕಲ್ಯದ ನೆರವಿಗೆ ವಿನಾಯಿತಿ ಇದೆ. ಆದರೆ ಗಂಡ ಹೆಂಡತಿಯ ವಿಷಯದಲ್ಲಿ ಇಂತಿಷ್ಟು ಸಂಬಳ ಇರಲೇಬೇಕು ಅನ್ನುವ ಮಿತಿ ಮಾಮೂಲಾಗಿ ಇಲ್ಲ.

ಗೆರೆ ಆಕಾಶದಲ್ಲಿಲ್ಲ ಅಂದರಲ್ಲ, ಲೆಕ್ಕ ಹಾಕೋಣ. ಅಮೆರಿಕದ ಕೇಂದ್ರ ಸರ್ಕಾರದ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್. 2009ರಿಂದ ಅದು ಬದಲಾಗಿಲ್ಲ. ಟೆಕ್ಸಸ್‌ನಲ್ಲಿ ಇಂದಿಗೂ ಅದೇ. ವಾರಕ್ಕೆ 40 ಗಂಟೆಯಂತೆ ವರ್ಷಪೂರ್ತಿ ಒಂದು ದಿನವೂ ಬಿಡದೆ ದುಡಿದರೆ 15,080 ಡಾಲರ್ ಆಗುತ್ತದೆ. ಕಾನೂನು ಹೇಳಿದ ಕೂಲಿ, ಕಾನೂನು ಹೇಳಿದ ಪೂರ್ತಿ ಹೊತ್ತಿನ ದುಡಿಮೆ. ಆದರೂ ಆ ಮನುಷ್ಯ ತನ್ನ ಹೆಂಡತಿಯ ಜೊತೆ ಇರಲು ಅರ್ಹನಲ್ಲ! ಕ್ಯಾಲಿಫೋರ್ನಿಯಾದಲ್ಲಿ 2025ರ ಕನಿಷ್ಠ ಕೂಲಿ 16.50 ಡಾಲರ್ ಇತ್ತು. ಆ ಲೆಕ್ಕದಲ್ಲಿ ಅಲ್ಲಿ ಅದೇ ಕೆಲಸ ಮಾಡುವವನು 34,320 ಡಾಲರ್ ದುಡಿದು ಸುಲಭವಾಗಿ ದಾಟುತ್ತಾನೆ. ಅವನ ಊರಿನ ಬಾಡಿಗೆ ಎಷ್ಟು ಅಂತ ಯಾರೂ ಕೇಳುವುದಿಲ್ಲ. ಈ ಬಡತನದ ರೇಖೆ ಹುಟ್ಟಿದ್ದೇ 1960ರ ದಶಕದ ಊಟದ ಲೆಕ್ಕದಿಂದ. ಅಮೆರಿಕದ ಸೋಷಿಯಲ್ ಸೆಕ್ಯುರಿಟಿ ಇಲಾಖೆಯಲ್ಲಿ ಅರ್ಥಶಾಸ್ತ್ರಜ್ಞೆಯಾಗಿದ್ದ ಮಾಲ್ಲಿ ಒರ್ಶಾನ್ಸ್ಕಿ, ಅಗ್ಗದ ಊಟದ ಖರ್ಚನ್ನು ಮೂರರಿಂದ ಗುಣಿಸಿ ಅದನ್ನು ಕಟ್ಟಿದರು. ಆಮೇಲೆ ಬೆಲೆ ಏರಿದ ಹಾಗೆ ಅಂಕಿ ಏರಿಸಿಕೊಂಡು ಬಂದಿದ್ದಾರೆ, ಅಷ್ಟೇ. ಸೈನ್ಯದಲ್ಲಿರುವವರು ಸಂಗಾತಿಯನ್ನು ಕರೆಸುವಾಗ ಶೇ. 100 ಇದ್ದರೆ ಸಾಕು. ಅಂದರೆ 125 ಅನ್ನುವುದು ದೇವರು ಬರೆದ ಅಂಕಿಯಲ್ಲ ಅಂತ ಕಾನೂನೇ ಒಪ್ಪಿದ ಹಾಗಾಯಿತು.

ನಮ್ಮವರಿಗೆ ಇದು ತಟ್ಟುವುದು ಬೇರೆ ರೀತಿಯಲ್ಲಿ. ಅಪ್ಪ ಅಮ್ಮ ಎಚ್-1ಬಿ ಮೇಲೆ ಹೋಗಿದ್ದಾಗ ಸ್ಯಾನ್ ಹೋಸೆಯಲ್ಲೋ ನ್ಯೂ ಜೆರ್ಸಿಯಲ್ಲೋ ಹುಟ್ಟಿ, ಮೂರು ನಾಲ್ಕು ವರ್ಷಕ್ಕೆ ಬೆಂಗಳೂರಿಗೆ ವಾಪಸ್ ಬಂದ ಮಕ್ಕಳು ಎಷ್ಟಿಲ್ಲ? ಅವರಿಗೆ ಈಗ ಮದುವೆಯ ವಯಸ್ಸು. ಪಾಸ್‌ಪೋರ್ಟ್ ಅಮೆರಿಕದ್ದು, ಬೆಳೆದದ್ದು ಜಯನಗರದಲ್ಲಿ. ಅಂಥ ಒಬ್ಬ ಹುಡುಗಿ ಇಲ್ಲೇ ಮದುವೆಯಾಗಿದ್ದಾಳೆ. ಒಳ್ಳೆಯ ಕಂಪನಿಯಲ್ಲಿ ಕೆಲಸ. ಗಂಡನ ಜೊತೆ ಅಮೆರಿಕಕ್ಕೆ ಹೋಗಿ ನೆಲೆಸೋಣ ಅಂತ ಆಸೆ. ಗಂಡನಿಗೆ ಸ್ಪಾನ್ಸರ್ ಅವಳೇ.

ಆಗ ಗೊತ್ತಾಗುತ್ತದೆ, ಅವಳ ಬೆಂಗಳೂರಿನ ಸಂಬಳ ಲೆಕ್ಕಕ್ಕಿಲ್ಲ ಅಂತ. ಅಲ್ಲಿಗೆ ಹೋದ ಮೇಲೂ ಅದೇ ಕಡೆಯಿಂದ ಬರುತ್ತಿದ್ದರೆ ಮಾತ್ರ ಎಣಿಸುತ್ತಾರೆ. ಗಂಡನ ಸಂಬಳಕ್ಕೂ ಅದೇ ಮಾತು. ಅವನಿಗೆ ಅಲ್ಲಿ ಕೆಲಸದ ಆಫರ್ ಲೆಟರ್ ಸಿಕ್ಕಿದ್ದರೂ ಅದು ಅವಳ ಆದಾಯದ ಕೊರತೆ ತುಂಬುವುದಿಲ್ಲ. ಇದರಲ್ಲಿ ನನಗೆ ಜಾಸ್ತಿ ನೋವು ಕೊಡುವ ಸಂಗತಿ ಇನ್ನೊಂದಿದೆ. ಅಮೆರಿಕದ ಸಿಟಿಜನ್‌ಗಳು ಯಾವ ದೇಶದಲ್ಲಿ ದುಡಿದರೂ, ಒಂದು ಮಿತಿ ದಾಟಿದರೆ ಅಮೆರಿಕಕ್ಕೆ ಟ್ಯಾಕ್ಸ್ ರಿಟರ್ನ್ ಸಲ್ಲಿಸಬೇಕು. ಅವಳ ಬೆಂಗಳೂರಿನ ಸಂಬಳದ ಪೂರ್ತಿ ಲೆಕ್ಕ ಅವರಿಗೆ ಬೇಕು. ಗಂಡನನ್ನು ಕರೆಸಿಕೊಳ್ಳುತ್ತೇನೆ ಅಂದಾಗ ಅದೇ ಸಂಬಳ ಕಣ್ಣಿಗೆ ಕಾಣುವುದಿಲ್ಲ.

ಜಾಯಿಂಟ್ ಸ್ಪಾನ್ಸರ್ ಹುಡುಕಬಹುದಲ್ಲ ಅನ್ನುತ್ತೀರಿ. ಅವರು ಸಿಟಿಜನ್ನೋ ಗ್ರೀನ್ ಕಾರ್ಡ್ ಇರುವವರೋ ಆಗಿರಬೇಕು, ಅಮೆರಿಕದಲ್ಲೇ ನೆಲೆಸಿರಬೇಕು. ಡಲ್ಲಾಸ್‌ನಲ್ಲಿ ಲಕ್ಷ ಡಾಲರ್ ಮೇಲೆ ದುಡಿಯುವ ಚಿಕ್ಕಪ್ಪ ಇದ್ದರೂ, ಅವರು ಇನ್ನೂ ಎಚ್-1ಬಿಯಲ್ಲೇ ಗ್ರೀನ್ ಕಾರ್ಡಿಗೆ ಕಾಯುತ್ತಿದ್ದರೆ ಅವರ ಸಹಿ ನಡೆಯುವುದಿಲ್ಲ. ನಮ್ಮ ಜನರಲ್ಲಿ ಹಾಗೆ ವರ್ಷಗಟ್ಟಲೆ ಕಾಯುತ್ತಿರುವವರೇ ಬಹಳ. ಗ್ರೀನ್ ಕಾರ್ಡ್ ಇರುವ ದೂರದ ನೆಂಟರು ಸಿಕ್ಕರು ಅಂತಲೇ ಇಟ್ಟುಕೊಳ್ಳಿ. ನಾಳೆ ಇವರಿಬ್ಬರ ಮದುವೆ ಮುರಿದರೂ ಮುಗಿಯದ ಹೊಣೆಗೆ, ಸುಮಾರು 10 ವರ್ಷದ ಹೊಣೆಗೆ, ಅವರು ಸಹಿ ಹಾಕಬೇಕು. ಯಾವ ಬಾಯಲ್ಲಿ ಕೇಳುವುದು? ಕೇಳಿದ ಮೇಲೆ ಆ ಮನೆಯ ಹಬ್ಬ ಹರಿದಿನಕ್ಕೆ ಯಾವ ಮುಖ ಇಟ್ಟುಕೊಂಡು ಹೋಗುವುದು?

ಕೊನೆಗೆ ಉಳಿಯುವ ದಾರಿ ಒಂದೇ. ಹುಡುಗಿ ಗಂಡನನ್ನು ಇಲ್ಲೇ ಬಿಟ್ಟು ಒಬ್ಬಳೇ ಹೋಗಬೇಕು. ಬಾಡಿಗೆ ಮನೆ ಹಿಡಿದು, ಸಿಕ್ಕ ಕೆಲಸಕ್ಕೆ ಸೇರಿ, ಪೇ ಸ್ಲಿಪ್ ಕೂಡಿಸಬೇಕು. ಗಂಡ ಇಲ್ಲಿಂದ ಮುಂಬೈ ಕಾನ್ಸುಲೇಟಿನ ಸಂದರ್ಶನಕ್ಕೆ ಕಾಯಬೇಕು. ಬಂದವಳನ್ನು ಕಾಪಾಡುವ ಕಾನೂನು ಅಂತ ಅಂದರಲ್ಲ, ಇವಳನ್ನು ಆ ತಿಂಗಳುಗಳಲ್ಲಿ ಯಾರು ನೋಡಿಕೊಳ್ಳುತ್ತಾರೆ?

ಗೆರೆ ಪೂರ್ತಿ ಅಳಿಸಲು ಇಷ್ಟವಿಲ್ಲದಿದ್ದರೆ ಒಂದಾದರೂ ಮಾಡಲಿ. ಇಬ್ಬರೂ ಈವರೆಗೆ ದುಡಿದದ್ದನ್ನು, ಇಬ್ಬರ ಕೈಯಲ್ಲಿರುವ ಆಫರ್ ಲೆಟರ್‌ಗಳನ್ನು ಒಟ್ಟಿಗೆ ಎಣಿಸಲಿ. ಟ್ಯಾಕ್ಸ್ ಲೆಕ್ಕಕ್ಕೆ ಸಲ್ಲುವ ಜಯನಗರದ ಸಂಬಳ ವೀಸಾ ಲೆಕ್ಕಕ್ಕೂ ಸಲ್ಲಲಿ.